ಸಿಡಿ ನೂರಿವೆ, ಒಳಗೇನಿದೆ? ಶೇರ್‌ವೇರ್ ಭಂಡಾರದ ಸೂಚಿ ಓದುವ ಬಗೆ

ಬೆಳಗಾವಿ: ಖಾನಾಪುರದಲ್ಲಿ ಒಂದು ಕಾಲಕ್ಕೆ ಡಿಟಿಪಿ ಅಂಗಡಿ ನಡೆಸುತ್ತಿದ್ದ ಬಂಧುಗಳೊಬ್ಬರ ಮನೆಯ ಅಟ್ಟದಿಂದ ಇತ್ತೀಚೆಗೆ ರಟ್ಟಿನ ಪೆಟ್ಟಿಗೆಯೊಂದು ಕೆಳಗಿಳಿಯಿತು. ಅದರೊಳಗೆ ನೂರರಷ್ಟು ಸಿಡಿಗಳಿದ್ದವು. ಕೆಲವು ಕಂಪ್ಯೂಟರ್ ಮಾಸಪತ್ರಿಕೆಗಳ ಜತೆ ಬಂದವು, ಉಳಿದವು ಅಂಗಡಿಯಲ್ಲೇ ಬರೆದುಕೊಂಡವು. 2003ರಲ್ಲಿ ಊರಿನ ದೇವಸ್ಥಾನದ ಜೀರ್ಣೋದ್ಧಾರದ ನಿಮಿತ್ತ ಹೊರತಂದಿದ್ದ ಸ್ಮರಣ ಸಂಚಿಕೆಯ ಒಂದು ಪ್ರತಿಯೂ ಈಗ ಯಾರ ಬಳಿಯೂ ಇಲ್ಲ. ಅದರಲ್ಲಿ ಊರಿನ ಇತಿಹಾಸವನ್ನು ಕೇಳಿ ತಿಳಿದು ಬರೆದಿದ್ದ ನಿವೃತ್ತ ಶಿಕ್ಷಕರೂ ಇಂದು ನಮ್ಮೊಂದಿಗಿಲ್ಲ. ಬರಹ ಉಳಿದಿದ್ದರೆ ಈ ಪೆಟ್ಟಿಗೆಯಲ್ಲಿಯೇ ಉಳಿದಿರಬೇಕು.

'ಸಿಡಿ ನೂರ ಅದಾವ. ಯಾವುದ್ರಾಗ ಏನ್ ಐತಿ ಅನ್ನೂದು ಮಾತ್ರ ಯಾರಿಗೂ ಗೊತ್ತಿಲ್ಲ ನೋಡಪಾ' ಎಂದರು ಕಾಕಾ.

ಹುಡುಕಾಟದ ಕೊನೆಗೆ ಕಡತ ಸಿಕ್ಕಿತು. ಆದರೆ ತೆರೆಯಲಿಲ್ಲ. ಅಂದು ಫ್ಲಾಪಿಗಳಲ್ಲಿ ಹಿಡಿಸಬೇಕೆಂದು ಅದನ್ನು ವಿನ್‌ಏಸ್ ಎಂಬ ಶೇರ್‌ವೇರ್ ತಂತ್ರಾಂಶದಿಂದ ಕುಗ್ಗಿಸಿ, ತುಂಡು ತುಂಡು ಮಾಡಿ ಇಡಲಾಗಿತ್ತು. ಇಂದಿನ ಕಂಪ್ಯೂಟರುಗಳಲ್ಲಿ ಆ ತಂತ್ರಾಂಶ ಇರುವುದಿಲ್ಲ. ಹೀಗಾಗಿ ಒಂದು ಬರಹವನ್ನು ಓದಲು ಇಪ್ಪತ್ತು ವರ್ಷ ಹಿಂದಿನ ತಂತ್ರಾಂಶವೊಂದನ್ನು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು. ಇಂಥ ತಂತ್ರಾಂಶಗಳ ಭಂಡಾರಗಳು ಅಂತರ್ಜಾಲದಲ್ಲಿವೆ. ಆದರೆ ಅಲ್ಲಿ ಬೇಕಾದದ್ದನ್ನು ಪಡೆಯಲು ಮೊದಲು ಅವುಗಳ ಸೂಚಿಯನ್ನು, ಅಂದರೆ ಎಲೆಕ್ಟ್ರಾನಿಕ್ ಕ್ಯಾಟಲಾಗನ್ನು, ಓದಲು ಕಲಿಯಬೇಕಾಗುತ್ತದೆ.

ಏನಿದು ಶೇರ್‌ವೇರ್?

ಮೊದಲು ಬಳಸಿ ನೋಡಿ, ಹಿಡಿಸಿದರೆ ಹಣ ಕಳುಹಿಸಿ, ಗೆಳೆಯರಿಗೂ ಪ್ರತಿ ಮಾಡಿ ಕೊಡಿ: ಇದು ಶೇರ್‌ವೇರ್ ತಂತ್ರಾಂಶಗಳ ಮೂಲ ಸೂತ್ರ. ಅಮೆರಿಕದಲ್ಲಿ 1982ರಲ್ಲಿ ಆಂಡ್ರ್ಯೂ ಫ್ಲೂಗೆಲ್‌ಮನ್ ಅವರ 'ಪಿಸಿ-ಟಾಕ್' ಹಾಗೂ ಜಿಮ್ ನಾಫ್ ಅವರ 'ಪಿಸಿ-ಫೈಲ್' ಈ ಕ್ರಮದಲ್ಲಿ ಹೊರಬಂದವು. ಮೈಕ್ರೋಸಾಫ್ಟ್ ತೊರೆದು ಬಂದ ಬಾಬ್ ವಾಲೇಸ್ ತಮ್ಮ 'ಪಿಸಿ-ರೈಟ್' ಮೂಲಕ ಶೇರ್‌ವೇರ್ ಎಂಬ ಹೆಸರನ್ನೇ ಜನಪ್ರಿಯಗೊಳಿಸಿದರು. ಫಿಲ್ ಕಾಟ್ಜ್ 1989ರಲ್ಲಿ ಹೊರತಂದ 'ಪಿಕೆಜಿಪ್' ಇದೇ ಜಾತಿಯದು. ಇಂದು ಮನೆಮಾತಾಗಿರುವ ಜಿಪ್ ಕಡತಗಳು ಅಲ್ಲಿಂದಲೇ ಬಂದವು. 1993ರ ಡಿಸೆಂಬರ್‌ನಲ್ಲಿ ಬಂದ 'ಡೂಮ್' ಆಟದ ಮೊದಲ ಭಾಗವನ್ನು ಉಚಿತವಾಗಿ ಹಂಚಿ, ಉಳಿದ ಭಾಗಗಳಿಗೆ ಹಣ ಪಡೆಯಲಾಯಿತು.

ಶೇರ್‌ವೇರ್ ಮತ್ತು ಫ್ರೀವೇರ್ ಒಂದೇ ಅಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಫ್ರೀವೇರ್ ಪೂರ್ಣ ಉಚಿತ. ಶೇರ್‌ವೇರ್‌ಗೆ ಪರೀಕ್ಷಾ ಅವಧಿ ಇರುತ್ತದೆ, ವಿನ್‌ರಾರ್‌ನ 40 ದಿನಗಳ ಗಡುವು ಹಲವರಿಗೆ ಪರಿಚಿತ. ಮೂಲ ಸಂಕೇತವನ್ನೇ ತೆರೆದಿಡುವ ಮುಕ್ತ ತಂತ್ರಾಂಶ ಮೂರನೆಯ ಬಗೆ.

ಎಂಟಕ್ಷರದ ಹೆಸರು, ಹತ್ತು ಸಾಲಿನ ವಿವರ

ಪ್ರತಿ ಮಾಡಿ ಹಂಚಬಹುದೆಂದ ಮೇಲೆ ಸಂಗ್ರಹಗಳು ಬೆಳೆದವು. ಅಮೆರಿಕದ ಪಿಸಿ-ಎಸ್‌ಐಜಿ ಎಂಬ ಸಂಸ್ಥೆ ಶೇರ್‌ವೇರ್‌ಗಳನ್ನು ಫ್ಲಾಪಿಗಳಲ್ಲಿ ತುಂಬಿ, ಅವುಗಳ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಮಾರುತ್ತಿತ್ತು. ಸಿಮ್‌ಟೆಲ್ ಎಂಬ ಇನ್ನೊಂದು ದೊಡ್ಡ ಸಂಗ್ರಹ ಅಮೆರಿಕ ಸೇನೆಯ ವೈಟ್ ಸ್ಯಾಂಡ್ಸ್ ಕ್ಷಿಪಣಿ ಕೇಂದ್ರದ ಕಂಪ್ಯೂಟರಿನಲ್ಲಿತ್ತು. 1993ರಲ್ಲಿ ಅಲ್ಲಿಂದ ಹೊರಬಿದ್ದ ಬಳಿಕವೂ ಬೇರೆಡೆ ಮುಂದುವರಿದ ಅದು 2013ರಲ್ಲಿ ಸ್ಥಗಿತಗೊಂಡಿತು. ವಾಲ್ನಟ್ ಕ್ರೀಕ್ ಸಿಡಿರಾಮ್ ಎಂಬ ಕಂಪನಿ 1991ರಿಂದ ಇಂಥ ಸಂಗ್ರಹಗಳನ್ನು ಸಿಡಿಗಳಲ್ಲಿ ಮಾರತೊಡಗಿತು. 650 ಎಂಬಿಯ ಒಂದು ಸಿಡಿ 1.44 ಎಂಬಿಯ ಸುಮಾರು 450 ಫ್ಲಾಪಿಗಳಿಗೆ ಸಮ.

ತೊಂದರೆ ಆರಂಭವಾದದ್ದು ಇಲ್ಲಿಯೇ. ಡಾಸ್ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎಂಟಕ್ಷರ, ಅದರ ಬಗೆ ತಿಳಿಸಲು ಮೂರಕ್ಷರ ಮಾತ್ರ ಸಿಗುತ್ತಿತ್ತು. ಅಷ್ಟರಲ್ಲಿ ಇದು ಲೆಕ್ಕಪತ್ರದ್ದೋ ಆಟದ್ದೋ ಎಂದು ತಿಳಿಯುವಂತಿರಲಿಲ್ಲ. ಆದ್ದರಿಂದ ಕಡತದ ಪೊಟ್ಟಣದೊಳಗೇ ಒಂದು ಪುಟ್ಟ ವಿವರಣೆಯನ್ನು ಇಡುವ ಪದ್ಧತಿ ಬಂತು. ಹೆಚ್ಚೆಂದರೆ ಹತ್ತು ಸಾಲು, ಸಾಲಿಗೆ 45 ಅಕ್ಷರ. ಸಂಗ್ರಹಕಾರರ ಕಂಪ್ಯೂಟರ್ ಇವುಗಳನ್ನು ತಾನೇ ಓದಿ ಪಟ್ಟಿ ಮಾಡುತ್ತಿತ್ತು. ಗ್ರಂಥಾಲಯದ ಕಾರ್ಡು ಪುಸ್ತಕಕ್ಕೆ ಮಾಡುವ ಕೆಲಸವನ್ನು ಈ ಹತ್ತು ಸಾಲು ತಂತ್ರಾಂಶಕ್ಕೆ ಮಾಡಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಆಮೇಲೂ ಬಹಳ ವರ್ಷ ಅದು ದೂರವಾಣಿ ತಂತಿಯ ಮೇಲೆ ತೆವಳುತ್ತಿತ್ತು. ಹತ್ತು ಎಂಬಿ ಇಳಿಸಿಕೊಳ್ಳುವುದರಲ್ಲಿ ಸಂಪರ್ಕ ಎಷ್ಟು ಸಲ ಕಡಿದುಹೋಗುತ್ತಿತ್ತೋ ಲೆಕ್ಕವಿಲ್ಲ. ಹಾಗಾಗಿ ಪಿಸಿ ಕ್ವೆಸ್ಟ್, ಚಿಪ್, ಡಿಜಿಟ್ ಮುಂತಾದ ಪತ್ರಿಕೆಗಳ ಸಿಡಿಗಳೇ ನಮ್ಮ ಭಂಡಾರಗಳಾದವು. ಖಾನಾಪುರದಿಂದ 25 ಕಿ.ಮೀ. ಆಚೆಯ ಬೆಳಗಾವಿಗೆ ಕಾಗದ, ಶಾಯಿ ತರಲು ಬಂದವರು ಪತ್ರಿಕೆಯನ್ನೂ ಕೊಂಡು ಮರಳುತ್ತಿದ್ದರು. ಸಿಡಿ ಹಾಕಿದೊಡನೆ ವಿಭಾಗವಾರು ಸೂಚಿಯೊಂದು ಪರದೆಯ ಮೇಲೆ ತೆರೆದುಕೊಳ್ಳುತ್ತಿತ್ತು. ಕಾಕಾ ಅವರ ಅಂಗಡಿಗೆ ವಿನ್‌ಏಸ್ ಬಂದದ್ದೂ ಹೀಗೆಯೇ.

ಹುಡುಕುವ ಕ್ರಮ

ಇಂದು ಇಂಥ ಸಾವಿರಾರು ಸಿಡಿಗಳ ಯಥಾಪ್ರತಿಗಳು, ಅಂದರೆ ಐಎಸ್‌ಒ ಕಡತಗಳು, ಇಂಟರ್‌ನೆಟ್ ಆರ್ಕೈವ್ ಎಂಬ ಲಾಭರಹಿತ ಅಂತರ್ಜಾಲ ಗ್ರಂಥಾಲಯದಲ್ಲಿವೆ. 1996ರಲ್ಲಿ ಬ್ರೂಸ್ಟರ್ ಕಾಹ್ಲ್ ಸ್ಥಾಪಿಸಿದ ಈ ಸಂಸ್ಥೆಯ ಸಾಫ್ಟ್‌ವೇರ್ ವಿಭಾಗದಲ್ಲಿ ಹುಡುಕುವ ಕ್ರಮ ಹೀಗಿದೆ.

ಮೊದಲನೆಯದಾಗಿ, ಹುಡುಕು ಪೆಟ್ಟಿಗೆಯಲ್ಲಿ ತಂತ್ರಾಂಶದ ಹೆಸರು ಬರೆದು, ಫಲಿತಾಂಶವನ್ನು ಸಾಫ್ಟ್‌ವೇರ್ ವರ್ಗಕ್ಕೂ ಬೇಕಾದ ವರ್ಷಗಳಿಗೂ ಸೀಮಿತಗೊಳಿಸಿ. ಹೆಸರು ಗೊತ್ತಿಲ್ಲದಿದ್ದರೆ ಮಾಡಬೇಕಾದ ಕೆಲಸವನ್ನು ಬರೆಯಿರಿ.

ಎರಡನೆಯದಾಗಿ, ಈ ಹುಡುಕಾಟ ಸಾಮಾನ್ಯವಾಗಿ ಸಿಡಿಯ ಶೀರ್ಷಿಕೆ ಮತ್ತು ವಿವರಣೆಯನ್ನಷ್ಟೇ ನೋಡುತ್ತದೆ, ಸಿಡಿಯೊಳಗಿನ ಕಡತಗಳ ಹೆಸರನ್ನು ನೋಡುವುದಿಲ್ಲ. ನಮ್ಮ ಮೊದಲ ಪ್ರಯತ್ನ ಸೋತದ್ದು ಇದನ್ನು ತಿಳಿಯದೆ. ಇಲ್ಲಿ ನೆರವಿಗೆ ಬರುವುದು 2022ರಲ್ಲಿ ಆರಂಭವಾದ ಡಿಸ್ಕ್‌ಮಾಸ್ಟರ್ ಎಂಬ ಜಾಲತಾಣ. ಅದು ಆರ್ಕೈವ್‌ನಲ್ಲಿರುವ ಹಳೆಯ ಸಿಡಿಗಳನ್ನು ಬಿಚ್ಚಿ, ಒಳಗಿನ ಕಡತಗಳನ್ನು ಒಂದೊಂದಾಗಿ ಸೂಚಿಗೆ ಸೇರಿಸಿದೆ. ಆರಂಭದಲ್ಲೇ ಅದರಲ್ಲಿ 9 ಕೋಟಿಗೂ ಹೆಚ್ಚು ಕಡತಗಳ ದಾಖಲೆಯಿತ್ತು. ಹೆಸರು, ಬಗೆ, ಗಾತ್ರ, ದಿನಾಂಕಗಳ ಆಧಾರದ ಮೇಲೆ ಅಲ್ಲಿ ಹುಡುಕಬಹುದು.

ಮೂರನೆಯದಾಗಿ, ಒಂದು ಕಡತಕ್ಕಾಗಿ ಇಡೀ ಸಿಡಿಯನ್ನು ಇಳಿಸಿಕೊಳ್ಳುವ ಅಗತ್ಯವಿಲ್ಲ. ಆರ್ಕೈವ್‌ನಲ್ಲಿ ಸಿಡಿಯ ಪುಟ ತೆರೆದು, ಎಲ್ಲ ಕಡತಗಳ ಪಟ್ಟಿಗೆ ಹೋದರೆ ಐಎಸ್‌ಒ ಕಡತದ ಪಕ್ಕದಲ್ಲಿ ಒಳಗಿನದನ್ನು ನೋಡುವ ಕೊಂಡಿ ಸಿಗುತ್ತದೆ. ಅಲ್ಲಿಂದ ಬೇಕಾದುದನ್ನಷ್ಟೇ ಪಡೆಯಬಹುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕಡತವನ್ನು ಒತ್ತುವ ಮೊದಲು ವಿವರ ಓದಿ: ಆವೃತ್ತಿ ಯಾವುದು? ದಿನಾಂಕ ಯಾವುದು? ಯಾವ ವ್ಯವಸ್ಥೆಗೆ? ಪರವಾನಗಿ ಎಂಥದು? ಡಾಸ್ ಅಥವಾ ವಿಂಡೋಸ್ 3.1 ಕಾಲದ 16 ಬಿಟ್ ತಂತ್ರಾಂಶ ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಡಾಸ್ ತಂತ್ರಾಂಶಕ್ಕೆ ಡಾಸ್‌ಬಾಕ್ಸ್‌ನಂಥ ಅನುಕರಣ ತಂತ್ರಾಂಶ ಬೇಕು. ಆರ್ಕೈವ್ ಇದೇ ಉಪಾಯದಿಂದ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಮಾಡಿತ್ತು. 2003ರ ಹೊತ್ತಿನ 32 ಬಿಟ್ ತಂತ್ರಾಂಶಗಳಾದರೆ ಬಹುಪಾಲು ಇಂದಿಗೂ ನಡೆಯುತ್ತವೆ.

ಎಚ್ಚರ ಅಗತ್ಯ

ವಿನ್‌ರಾರ್ ಮೊದಲು ಏಸ್ ಕಡತಗಳನ್ನು ತೆರೆಯುತ್ತಿತ್ತು. ಆ ಕೆಲಸ ಮಾಡುವ ಭಾಗದಲ್ಲಿ ಗಂಭೀರ ಭದ್ರತಾ ದೋಷವಿರುವುದನ್ನು ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು 2019ರ ಫೆಬ್ರವರಿಯಲ್ಲಿ ಬಹಿರಂಗಪಡಿಸಿದರು. ದುರುದ್ದೇಶದಿಂದ ಸಿದ್ಧಪಡಿಸಿದ ಕಡತವೊಂದು ಬಳಕೆದಾರನಿಗೆ ತಿಳಿಯದಂತೆ ಕಂಪ್ಯೂಟರಿನ ಬೇರೆ ಜಾಗದಲ್ಲಿ ತನ್ನ ಸರಕನ್ನು ಇಳಿಸಬಹುದಾಗಿತ್ತು. ಆ ಬಳಿಕ ವಿನ್‌ರಾರ್ ಏಸ್‌ಗೆ ನೀಡುತ್ತಿದ್ದ ಬೆಂಬಲವನ್ನೇ ಕೈಬಿಟ್ಟಿತು. ನಮ್ಮ ಕಡತ ತೆರೆಯದಿರಲು ಇದೇ ಕಾರಣ.

ಹಳೆಯ ತಂತ್ರಾಂಶಗಳಲ್ಲಿ ಹಳೆಯ ದೋಷಗಳೂ, ಕೆಲವೊಮ್ಮೆ ಹಳೆಯ ವೈರಸ್‌ಗಳೂ ಇರುತ್ತವೆ. ಇಳಿಸಿಕೊಂಡದ್ದನ್ನು ವೈರಸ್ ನಿರೋಧಕದಿಂದ ಪರೀಕ್ಷಿಸಿ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಇವನ್ನು ನಡೆಸಬೇಡಿ. ಬೇರೆ ಕಂಪ್ಯೂಟರ್ ಇದ್ದರೆ ಅಂತರ್ಜಾಲ ಸಂಪರ್ಕ ಕಡಿದು ಅದರಲ್ಲಿ ನಡೆಸಿ. ಇನ್ನು, ತಯಾರಕರು ಅಂಗಡಿ ಮುಚ್ಚಿದರೂ ಹಕ್ಕುಸ್ವಾಮ್ಯ ಅಳಿಯುವುದಿಲ್ಲ. ಸೂಚಿಯಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅದು ಉಚಿತವೆಂದು ಭಾವಿಸಬಾರದು.

ಕನ್ನಡದ ಮಾತೇನು?

ತುಂಡುಗಳನ್ನು ಕೂಡಿಸಿ ಕಡತ ತೆರೆದಾಗ ಎದುರಾದದ್ದು ಎರಡನೆಯ ಬಾಗಿಲು. ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಸಂಚಿಕೆಯನ್ನು ನುಡಿ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಲಾಗಿತ್ತು, ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದೇ ತಿಳಿಯದು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಕೂಡ ಇತ್ತು. ಆದರೂ ಮುದ್ರಣದ ಕೆಲಸ ಬಹುಕಾಲ ಶ್ರೀಲಿಪಿ, ಆಕೃತಿ, ಬರಹ, ನುಡಿಗಳ ಹಳೆಯ ಪದ್ಧತಿಯಲ್ಲೇ ನಡೆಯಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ ವರ್ಷಗಳ ಕಾಲ ಉಚಿತವಾಗಿ ದೊರೆಯಿತು, ನಂತರದ ಆವೃತ್ತಿಗಳಿಗೆ ಶುಲ್ಕ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಹಂಚಿಕೆಯಾಯಿತು. ಸೂಚಿಯಲ್ಲಿ ಆವೃತ್ತಿಯ ಸಂಖ್ಯೆ ಏಕೆ ಬೇಕೆಂಬುದಕ್ಕೆ ಬರಹಕ್ಕಿಂತ ಬೇರೆ ಉದಾಹರಣೆ ಬೇಡ: ಹೆಸರು ಒಂದೇ, ಪರವಾನಗಿ ಬೇರೆ.

ನುಡಿಯಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಲು ಅರವಿಂದ ವಿ.ಕೆ. ಅವರು ರೂಪಿಸಿದ ಮುಕ್ತ ಪರಿವರ್ತಕ ಅಂತರ್ಜಾಲದಲ್ಲಿದೆ. ಬದಲಿಸಿದ ಬಳಿಕ ಅರ್ಕಾವತ್ತು, ಒತ್ತಕ್ಷರಗಳಿರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದುವುದು ಒಳಿತು. ಹಳೆಯ ಕನ್ನಡ ತಂತ್ರಾಂಶಗಳನ್ನು ವಿದೇಶಿ ಸೂಚಿಗಳಲ್ಲಿ ಹುಡುಕುವವರು ಹೆಸರನ್ನು ಇಂಗ್ಲಿಷ್ ಕಾಗುಣಿತದಲ್ಲೇ, ಎರಡು ಮೂರು ಬಗೆಯಲ್ಲಿ ಬರೆದು ನೋಡಬೇಕು. ಕನ್ನಡದಲ್ಲಿ ವಿವರಣೆ ಬರೆದವರು ವಿರಳ. ಊರಿನ ಹೆಸರು ಕೂಡ ಅಷ್ಟೇ. ಬೆಳಗಾವಿ ಎಂಬುದು ಅಧಿಕೃತವಾದದ್ದು 2014ರ ನವೆಂಬರ್ 1ರಿಂದ, ಅದಕ್ಕೂ ಹಿಂದಿನ ದಾಖಲೆಗಳು ಬೆಳಗಾಂ ಎಂಬ ಹೆಸರಿನಲ್ಲಿರುತ್ತವೆ.

ನಿಮ್ಮ ಪೆಟ್ಟಿಗೆಗೂ ಒಂದು ಸೂಚಿ

ಖಾನಾಪುರದ ಮಳೆ ಬಲ್ಲವರಿಗೆ ತೇವದ ಪರಿಣಾಮ ಹೇಳಬೇಕಿಲ್ಲ. ಪೆಟ್ಟಿಗೆಯಲ್ಲಿದ್ದ ಹಲವು ಸಿಡಿಗಳಿಗೆ ಬೂಷ್ಟು ಹಿಡಿದಿತ್ತು. ಸಂಚಿಕೆಯ ತುಂಡುಗಳಿದ್ದ ಮೊದಲ ಸಿಡಿಯೂ ಓದಿಸಿಕೊಳ್ಳಲಿಲ್ಲ. ಎರಡನೆಯ ಪ್ರತಿ ಸಿಕ್ಕಿದ್ದಕ್ಕೆ ಕಾರಣ, ಅಂಗಡಿಯಲ್ಲಿದ್ದ ಹುಡುಗನೊಬ್ಬ ಅದರ ಲಕೋಟೆಯ ಮೇಲೆ ಬಾಲ್‌ಪೆನ್ನಿನಿಂದ 'ಗುಡಿ ಪುಸ್ತಕ, ಏಸ್, 4 ತುಂಡು' ಎಂದು ಬರೆದಿಟ್ಟದ್ದು. ನೂರು ಸಿಡಿಗಳ ಪೈಕಿ ಸೂಚಿ ಎಂಬುದೇನಾದರೂ ಇದ್ದರೆ ಅದೊಂದೇ.

ಮನೆಯಲ್ಲಿ ಹಳೆಯ ಸಿಡಿ, ಫ್ಲಾಪಿಗಳಿದ್ದವರು ಒಂದು ರಜಾದಿನ ಈ ಕೆಲಸಕ್ಕೆ ಮೀಸಲಿಡಬಹುದು. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಒಳಗೇನಿದೆ, ಯಾವ ವರ್ಷದ್ದು, ಯಾವ ತಂತ್ರಾಂಶದಲ್ಲಿ, ಯಾವ ಫಾಂಟ್‌ನಲ್ಲಿ ಮಾಡಿದ್ದು ಎಂಬ ನಾಲ್ಕು ಅಂಶಗಳನ್ನು ಒಂದು ವಹಿಯಲ್ಲೂ ಕಂಪ್ಯೂಟರಿನಲ್ಲೂ ಬರೆದಿಡಿ. ಓದಲು ಬರುವುದನ್ನು ಎರಡು ಕಡೆ ಪ್ರತಿ ಮಾಡಿ. ಅಂತರ್ಜಾಲದಲ್ಲಿದೆ ಎಂಬ ಧೈರ್ಯ ಸಾಲದು. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಲುಕಿ ಇಂಟರ್‌ನೆಟ್ ಆರ್ಕೈವ್ ಕೂಡ ಕೆಲ ದಿನ ಬಾಗಿಲು ಮುಚ್ಚಬೇಕಾಗಿತ್ತು.

ಸ್ಮರಣ ಸಂಚಿಕೆಯ ಬರಹ ಈಗ ಯೂನಿಕೋಡ್‌ಗೆ ಬಂದಿದೆ. ಶಿಕ್ಷಕರ ಲೇಖನದ ಕರಡು ತಿದ್ದುವ ಕೆಲಸವನ್ನು ಅವರ ಮೊಮ್ಮಗಳು ವಹಿಸಿಕೊಂಡಿದ್ದಾರೆ. ಕಾಕಾ ತಮ್ಮ ಪೆಟ್ಟಿಗೆಗೆ ಇನ್ನೂರು ಪುಟದ ವಹಿಯೊಂದನ್ನು ತಂದಿರಿಸಿದ್ದು, ಈವರೆಗೆ ಮೂವತ್ತೊಂದು ಸಿಡಿಗಳ ವಿವರ ಅದರಲ್ಲಿ ದಾಖಲಾಗಿದೆ.