ವಾರ್ಲಾಕ್ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್)

ವಾರ್ಲಾಕ್ ಎಂಬುದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಅಂತರ್ಜಾಲ ಆಟದಲ್ಲಿ ಆಟಗಾರರು ಆರಿಸಿಕೊಳ್ಳಬಹುದಾದ ಪಾತ್ರವರ್ಗಗಳಲ್ಲಿ ಒಂದು. ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು ಈ ಆಟವನ್ನು 2004ರ ನವೆಂಬರ್ 23ರಂದು ಬಿಡುಗಡೆ ಮಾಡಿತು. ಆರಂಭದಲ್ಲಿದ್ದ 9 ವರ್ಗಗಳಲ್ಲಿ ವಾರ್ಲಾಕ್ ಕೂಡ ಸೇರಿತ್ತು. ಪಿಶಾಚಿಗಳನ್ನು ಆವಾಹಿಸಿ, ಅವುಗಳನ್ನು ಅನುಚರರನ್ನಾಗಿ ಮಾಡಿಕೊಂಡು ಹೋರಾಡುವ ಮಾಂತ್ರಿಕ ಇವನು. ಈ ಶಕ್ತಿಗಾಗಿ ಅವನು ತನ್ನ ಪ್ರಾಣಶಕ್ತಿಯನ್ನೂ ಇತರರ ಆತ್ಮಗಳನ್ನೂ ವ್ಯಯಿಸಬೇಕಾಗುತ್ತದೆ. ಈ ಲೇಖನವು ಮುಖ್ಯವಾಗಿ ಆಟದ ಮೊದಲ ಆವೃತ್ತಿಯಲ್ಲಿದ್ದ ವಾರ್ಲಾಕ್‌ನನ್ನು ಕುರಿತದ್ದಾಗಿದೆ.

ಹಿನ್ನೆಲೆ

ಸಾವಿರಾರು ಜನರು ತಮ್ಮ ತಮ್ಮ ಗಣಕಯಂತ್ರಗಳಿಂದ ಒಂದೇ ಕಲ್ಪಿತ ಲೋಕವನ್ನು ಪ್ರವೇಶಿಸಿ, ತಲಾ ಒಂದು ಪಾತ್ರವನ್ನು ವಹಿಸಿ ಆಡುವ ಆಟಗಳ ಸಾಲಿಗೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಸೇರುತ್ತದೆ. ಆವಾಹಕ ಮಾಂತ್ರಿಕನ ಪಾತ್ರವು ಇದಕ್ಕಿಂತ ಹಿಂದಿನ ಆಟಗಳಲ್ಲಿಯೂ ಇತ್ತು. 1999ರ ಮಾರ್ಚ್‌ನಲ್ಲಿ ಹೊರಬಂದ ಎವರ್‌ಕ್ವೆಸ್ಟ್ ಆಟದಲ್ಲಿ ಮೆಜಿಶಿಯನ್ ವರ್ಗದವರು ಪೃಥ್ವಿ, ಜಲ, ಅಗ್ನಿ, ವಾಯು ಎಂಬ ಭೂತಗಳಿಂದ ಅನುಚರರನ್ನು ಸೃಷ್ಟಿಸುತ್ತಿದ್ದರು. ನೆಕ್ರೊಮ್ಯಾನ್ಸರ್ ವರ್ಗದವರು ಅಸ್ಥಿಪಂಜರಗಳನ್ನು ಎಬ್ಬಿಸುತ್ತಿದ್ದರು. 2000ದಲ್ಲಿ ಬಂದ ಡಯಾಬ್ಲೊ 2 ಆಟದಲ್ಲಿಯೂ ನೆಕ್ರೊಮ್ಯಾನ್ಸರ್ ಇದ್ದನು.

ವಶಪಡಿಸಿಕೊಂಡ ಭೂತವು ಒಡೆಯನಿಗೇ ಅಪಾಯಕಾರಿಯಾಗಬಹುದು ಎಂಬ ಕಲ್ಪನೆ ಕನ್ನಡ ಓದುಗರಿಗೆ ಹೊಸದಲ್ಲ. ವಿಕ್ರಮ ಮತ್ತು ಬೇತಾಳರ ಕಥೆಯಲ್ಲಿ ಬೇತಾಳನನ್ನು ವಶಮಾಡಿಕೊಳ್ಳಲು ಹೊರಟ ಯೋಗಿಯೇ ಕೊನೆಯಲ್ಲಿ ಹತನಾಗುತ್ತಾನೆ. ವಾರ್ಲಾಕ್‌ನ ನಿಯಮಗಳಲ್ಲಿಯೂ ಇಂತಹ ಅಪಾಯವನ್ನು ಅಳವಡಿಸಲಾಗಿತ್ತು.

ಅನುಚರರು

ವಾರ್ಲಾಕ್ ಸಾಮಾನ್ಯವಾಗಿ ಒಂದು ಸಮಯಕ್ಕೆ ಒಂದೇ ಪಿಶಾಚಿಯನ್ನು ಇಟ್ಟುಕೊಳ್ಳಬಹುದು. ಮೊದಲ ಆವೃತ್ತಿಯಲ್ಲಿ ಪಾತ್ರದ ಗರಿಷ್ಠ ಮಟ್ಟ 60 ಆಗಿತ್ತು. ಹೊಸ ಪಿಶಾಚಿಗಳನ್ನು ಪಡೆಯಲು ನಿಗದಿತ ಮಟ್ಟವನ್ನು ತಲುಪಿ, ಅದಕ್ಕೆಂದೇ ಇರುವ ಕಾರ್ಯವನ್ನು ಪೂರೈಸಬೇಕಿತ್ತು.

ಇಂಪ್: ಆರಂಭದಲ್ಲಿಯೇ ದೊರೆಯುವ ಪುಟ್ಟ ಪಿಶಾಚಿ. ದೂರದಿಂದ ಬೆಂಕಿಯನ್ನು ಎಸೆಯುತ್ತದೆ. ತಂಡದವರ ದೇಹಬಲವನ್ನು ಹೆಚ್ಚಿಸುತ್ತದೆ.

ವಾಯ್ಡ್‌ವಾಕರ್: 10ನೇ ಮಟ್ಟದಲ್ಲಿ ದೊರೆಯುತ್ತದೆ. ಶತ್ರುವಿನ ಗಮನವನ್ನು ತನ್ನತ್ತ ಸೆಳೆದು, ಏಟುಗಳನ್ನು ತಾನೇ ತಡೆದುಕೊಳ್ಳುತ್ತದೆ. ಸಂಕಟದ ಗಳಿಗೆಯಲ್ಲಿ ಅದನ್ನು ಬಲಿಕೊಟ್ಟು ಒಡೆಯನು ರಕ್ಷಾಕವಚವನ್ನು ಪಡೆಯಬಹುದು.

ಸಕ್ಯುಬಸ್: 20ನೇ ಮಟ್ಟದಲ್ಲಿ ದೊರೆಯುತ್ತದೆ. ಮನುಷ್ಯಾಕೃತಿಯ ಶತ್ರುಗಳನ್ನು ಮೋಹಗೊಳಿಸಿ ನಿಶ್ಚಲಗೊಳಿಸುತ್ತದೆ.

ಫೆಲ್‌ಹಂಟರ್: 30ನೇ ಮಟ್ಟದಲ್ಲಿ ದೊರೆಯುತ್ತದೆ. ಶತ್ರುವಿನ ಮಂತ್ರವನ್ನು ಅರ್ಧದಲ್ಲಿಯೇ ತಡೆಯುತ್ತದೆ. ಆದುದರಿಂದ ಇತರ ಮಾಂತ್ರಿಕರ ವಿರುದ್ಧ ಹೆಚ್ಚು ಉಪಯುಕ್ತ.

ಇವುಗಳಲ್ಲದೆ ಎರಡು ಮಹಾಪಿಶಾಚಿಗಳಿದ್ದವು. 50ನೇ ಮಟ್ಟದ ನಂತರ ದೊರೆಯುತ್ತಿದ್ದ ಇನ್‌ಫರ್ನಲ್ ಉಲ್ಕೆಯಂತೆ ಆಕಾಶದಿಂದ ಬೀಳುತ್ತಿತ್ತು. ಐದು ನಿಮಿಷಗಳ ನಂತರ ಅದು ಹಿಡಿತದಿಂದ ಬಿಡಿಸಿಕೊಳ್ಳುತ್ತಿತ್ತು. ಆಗ ಮತ್ತೊಂದು ಮಂತ್ರದಿಂದ ಅದನ್ನು ದಾಸನನ್ನಾಗಿ ಮಾಡಿಕೊಳ್ಳದಿದ್ದರೆ ಒಡೆಯನ ಮೇಲೆಯೇ ಎರಗುತ್ತಿತ್ತು. ಡೂಮ್‌ಗಾರ್ಡ್‌ನ ಆವಾಹನೆಗೆ ವಾರ್ಲಾಕ್‌ನೊಡನೆ ಇನ್ನೂ ನಾಲ್ವರು ವಿಧಿಯಲ್ಲಿ ಪಾಲ್ಗೊಳ್ಳಬೇಕಿತ್ತು. ಅವರಲ್ಲಿ ಒಬ್ಬರು ಬಲಿಯಾಗುತ್ತಿದ್ದರು. ಆ ಒಬ್ಬರು ಯಾರೆಂಬುದು ಮೊದಲೇ ತಿಳಿಯುತ್ತಿರಲಿಲ್ಲ.

ಆತ್ಮದ ಚೂರುಗಳು

ಇಂಪ್‌ನ ಹೊರತು ಮೇಲಿನ ಇತರ ಮೂರು ಸಾಮಾನ್ಯ ಅನುಚರರನ್ನು ಆವಾಹಿಸಲು ತಲಾ ಒಂದು ‘ಆತ್ಮದ ಚೂರು’ ಬೇಕಾಗುತ್ತಿತ್ತು. ಶತ್ರುವು ಸಾಯುವ ಹೊತ್ತಿಗೆ ಸರಿಯಾಗಿ ಅದರ ಆತ್ಮವನ್ನು ಹೀರುವ ಮಂತ್ರವನ್ನು ಪ್ರಯೋಗಿಸಿದರೆ ಚೂರು ದೊರೆಯುತ್ತಿತ್ತು. ತೀರ ದುರ್ಬಲವಾದ ಶತ್ರುಗಳಿಂದ ಅದು ದೊರೆಯುತ್ತಿರಲಿಲ್ಲ. ಪ್ರತಿಯೊಂದು ಚೂರೂ ಚೀಲದಲ್ಲಿ ಒಂದು ಸ್ಥಳವನ್ನು ಆಕ್ರಮಿಸುತ್ತಿದ್ದುದರಿಂದ, ದೊಡ್ಡ ಕಾರ್ಯಾಚರಣೆಗೆ ಮುನ್ನ ವಾರ್ಲಾಕ್‌ಗಳು ಚೂರುಗಳನ್ನು ಕೂಡಿಸುವುದಕ್ಕೇ ಸಾಕಷ್ಟು ಸಮಯವನ್ನು ಮೀಸಲಿಡಬೇಕಿತ್ತು.

ಇದೇ ಚೂರುಗಳಿಂದ ತಂಡದವರಿಗೆ ಪ್ರಾಣಶಕ್ತಿ ನೀಡುವ ಕಲ್ಲುಗಳನ್ನೂ, ಸತ್ತವರು ಮರಳಿ ಏಳಲು ನೆರವಾಗುವ ಕಲ್ಲುಗಳನ್ನೂ ತಯಾರಿಸಬಹುದಿತ್ತು. ಮತ್ತಿಬ್ಬರ ಸಹಾಯದಿಂದ ದೂರದಲ್ಲಿರುವ ಸಂಗಡಿಗನನ್ನು ತಾನಿದ್ದಲ್ಲಿಗೆ ಕರೆಸಿಕೊಳ್ಳುವುದಕ್ಕೂ ಒಂದು ಚೂರು ವ್ಯಯವಾಗುತ್ತಿತ್ತು.

ಆಡುವ ಕ್ರಮ

ವಾರ್ಲಾಕ್ ಧರಿಸುವುದು ಬಟ್ಟೆಯ ಉಡುಪನ್ನು ಮಾತ್ರ. ಆದುದರಿಂದ ನೇರ ಏಟನ್ನು ಅವನು ಹೆಚ್ಚು ಹೊತ್ತು ತಾಳಲಾರನು. ಒಂಟಿಯಾಗಿ ಆಡುವವರು ಮೊದಲು ವಾಯ್ಡ್‌ವಾಕರ್‌ನನ್ನು ಶತ್ರುವಿನ ಮೇಲೆ ಕಳುಹಿಸಿ, ಶತ್ರು ಅದರತ್ತ ತಿರುಗುವವರೆಗೆ ಕಾಯುತ್ತಾರೆ. ಅನಂತರ ನಿಧಾನವಾಗಿ ಹಾನಿ ಮಾಡುವ ಶಾಪಗಳನ್ನು ಒಂದಾದ ಮೇಲೊಂದರಂತೆ ಹಾಕುತ್ತಾರೆ. ಶತ್ರುವು ತನ್ನನ್ನು ಅತಿಯಾಗಿ ಕೆರಳಿಸಿದವರ ಮೇಲೆ ಬೀಳುವುದರಿಂದ, ಆತುರಪಟ್ಟು ದೊಡ್ಡ ಮಂತ್ರವನ್ನು ಪ್ರಯೋಗಿಸಿದ ಒಡೆಯನು ತಾನೇ ಗುರಿಯಾಗುತ್ತಾನೆ. ಈ ವರ್ಗವನ್ನು ಆಡುವವರು ಮೊದಲು ರೂಢಿಸಿಕೊಳ್ಳಬೇಕಾದುದು ತಾಳ್ಮೆಯನ್ನು.

ಮಾಂತ್ರಿಕ ಶಕ್ತಿ ತೀರಿದಾಗ ವಾರ್ಲಾಕ್ ತನ್ನ ಪ್ರಾಣಶಕ್ತಿಯನ್ನೇ ಅದಕ್ಕಾಗಿ ಪರಿವರ್ತಿಸಿಕೊಳ್ಳಬಲ್ಲನು. ಗಾಯಗೊಂಡ ಅನುಚರನಿಗೆ ತನ್ನ ಪ್ರಾಣಶಕ್ತಿಯನ್ನು ಧಾರೆ ಎರೆಯಲೂಬಲ್ಲನು. ಎಷ್ಟು ಕೊಡಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬ ಲೆಕ್ಕಾಚಾರದಲ್ಲಿ ಆಟಗಾರನ ಜಾಣ್ಮೆ ಕಾಣುತ್ತದೆ.

ಅನುಚರನಿಗೆ ಆಕ್ರಮಿಸು, ಹಿಂಬಾಲಿಸು, ಇಲ್ಲಿಯೇ ನಿಲ್ಲು ಎಂಬ ಆಜ್ಞೆಗಳನ್ನು ಕೊಡಬಹುದು. ಆದರೆ ಅದು ನಡೆಯುವ ದಾರಿಯನ್ನು ಆಟದ ಯಂತ್ರವೇ ನಿರ್ಧರಿಸುತ್ತದೆ. ಒಡೆಯನು ಎತ್ತರದಿಂದ ಕೆಳಕ್ಕೆ ಹಾರಿದರೆ, ಅನುಚರನು ಸುತ್ತುದಾರಿ ಹಿಡಿದು ನಡುವೆ ಇರುವ ಶತ್ರುಗಳನ್ನೆಲ್ಲ ಬೆನ್ನಿಗೆ ಹಾಕಿಕೊಂಡು ಬರುವುದುಂಟು. ಒಬ್ಬನ ಅಜಾಗರೂಕತೆಯಿಂದ ಇಡೀ ತಂಡವೇ ನಾಶವಾಗಬಹುದಾದುದರಿಂದ, ಅನುಭವಿಗಳು ಹಾರುವ ಮುನ್ನ ಅನುಚರನನ್ನು ವಿಸರ್ಜಿಸುತ್ತಾರೆ.

2005ರ ಸಾಂಕ್ರಾಮಿಕ

ಅನುಚರನನ್ನು ವಿಸರ್ಜಿಸಿ ಮತ್ತೆ ಆವಾಹಿಸಬಹುದೆಂಬ ಈ ಸೌಲಭ್ಯವು 2005ರ ಸೆಪ್ಟೆಂಬರ್‌ನಲ್ಲಿ ಅನಿರೀಕ್ಷಿತ ಪರಿಣಾಮಕ್ಕೆ ಕಾರಣವಾಯಿತು. ಆ ತಿಂಗಳ 13ರಂದು ಜುಲ್‌ಗುರುಬ್ ಎಂಬ ಹೊಸ ತಾಣವನ್ನು ಆಟಕ್ಕೆ ಸೇರಿಸಲಾಯಿತು. ಅಲ್ಲಿಯ ಮುಖ್ಯ ಶತ್ರುವಾದ ಹಕ್ಕರ್, ‘ಕರಪ್ಟೆಡ್ ಬ್ಲಡ್’ ಎಂಬ ಮಂತ್ರದಿಂದ ಆಟಗಾರರಿಗೆ ಅಂಟುರೋಗವನ್ನು ತಗುಲಿಸುತ್ತಿದ್ದನು. ಆ ರೋಗವು ಆ ತಾಣದೊಳಗೆ ಮಾತ್ರ ಇರಬೇಕೆಂಬುದು ತಯಾರಕರ ಉದ್ದೇಶವಾಗಿತ್ತು. ಆದರೆ ಬೇಟೆಗಾರ ವರ್ಗದವರ ಪ್ರಾಣಿಗಳಿಗೂ ವಾರ್ಲಾಕ್‌ಗಳ ಪಿಶಾಚಿಗಳಿಗೂ ಅದು ತಗುಲುತ್ತಿತ್ತು. ರೋಗವಿದ್ದಾಗಲೇ ವಿಸರ್ಜಿಸಿದ ಅನುಚರನನ್ನು ನಗರದಲ್ಲಿ ಪುನಃ ಕರೆದಾಗ ರೋಗವೂ ಅದರೊಡನೆ ಬರುತ್ತಿತ್ತು.

ಜನಸಂದಣಿಯ ನಗರಗಳಲ್ಲಿ ರೋಗವು ಬೇಗನೆ ಹರಡಿತು. ಕೆಳಮಟ್ಟದ ಪಾತ್ರಗಳು ಕ್ಷಣಗಳಲ್ಲಿ ಸತ್ತವು. ಆಟದ ಯಂತ್ರವೇ ನಡೆಸುವ ವ್ಯಾಪಾರಿ ಮುಂತಾದ ಪಾತ್ರಗಳು ತಾವು ಸಾಯದೆ ರೋಗವನ್ನು ಹರಡಿದವು. ಕೆಲವು ಆಟಗಾರರು ಇತರರನ್ನು ಗುಣಪಡಿಸಲು ಮುಂದಾದರು, ಕೆಲವರು ನಗರಗಳನ್ನು ತೊರೆದರು, ಮತ್ತೆ ಕೆಲವರು ಬೇಕೆಂದೇ ರೋಗವನ್ನು ಹಬ್ಬಿಸಿದರು. ಪ್ರತ್ಯೇಕವಾಸದ ಪ್ರಯತ್ನಗಳು ವಿಫಲವಾದವು. ಅಂತಿಮವಾಗಿ ಸಂಸ್ಥೆಯು ಅನುಚರರಿಗೆ ಈ ರೋಗ ತಗುಲದಂತೆ ಆಟವನ್ನು ಬದಲಾಯಿಸಿದ ಬಳಿಕ ಅದು ನಿಂತಿತು.

ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ‘ದಿ ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಈ ಘಟನೆಯ ಕುರಿತು ಲೇಖನ ಪ್ರಕಟಿಸಿದರು. ರೋಗ ಹರಡುವಾಗ ಜನರು ಹೇಗೆ ವರ್ತಿಸುತ್ತಾರೆ ಎಂಬುದರ ಅಧ್ಯಯನಕ್ಕೆ ಇಂತಹ ಲೋಕಗಳು ನೆರವಾಗಬಹುದೆಂಬುದು ಅವರ ವಾದ. 2020ರಲ್ಲಿ ಕೋವಿಡ್ ಹರಡಿದಾಗ ಈ ಘಟನೆ ಮತ್ತೆ ಚರ್ಚೆಗೆ ಬಂದಿತು.

ನಂತರದ ಬದಲಾವಣೆಗಳು

2007ರ ವಿಸ್ತರಣೆಯಲ್ಲಿ ಕೊಡಲಿ ಹಿಡಿದು ಹೋರಾಡುವ ಫೆಲ್‌ಗಾರ್ಡ್ ಎಂಬ ಪಿಶಾಚಿಯನ್ನು ಸೇರಿಸಲಾಯಿತು. 2010ರಿಂದ ಆತ್ಮದ ಚೂರುಗಳನ್ನು ಚೀಲದಲ್ಲಿ ಹೊರುವ ಅಗತ್ಯ ಉಳಿಯಲಿಲ್ಲ. 2016ರ ವಿಸ್ತರಣೆಯಲ್ಲಿ ಡೆಮೊನಾಲಜಿ ಶಾಖೆಯ ವಾರ್ಲಾಕ್‌ನನ್ನು ಏಕಕಾಲದಲ್ಲಿ ಹಲವು ಪಿಶಾಚಿಗಳನ್ನು ಕರೆಯುವವನನ್ನಾಗಿ ಮಾರ್ಪಡಿಸಲಾಯಿತು. ಹಳೆಯ ನಿಯಮಗಳನ್ನು ಮೆಚ್ಚುವವರಿಗಾಗಿ 2019ರ ಆಗಸ್ಟ್‌ನಲ್ಲಿ ಮೊದಲ ಆವೃತ್ತಿಯನ್ನು ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಲಾಯಿತು. ಆತ್ಮದ ಚೂರುಗಳನ್ನು ಕೂಡಿಡುವ ಹಳೆಯ ಕ್ರಮವೂ ಅದರೊಂದಿಗೆ ಮರಳಿತು.