‘ಹುಚ್ಚರ ಡಾಕ್ಟ್ರು’ ಆಗೋರು ಯಾರು?

ಮೆಡಿಕಲ್ ಓದುವ ಹುಡುಗರನ್ನು ಮುಂದೇನು ಎಂದು ಕೇಳಿ ನೋಡಿ. ರೇಡಿಯಾಲಜಿ ಎನ್ನುತ್ತಾರೆ, ಚರ್ಮರೋಗ ಎನ್ನುತ್ತಾರೆ, ಸರ್ಜರಿ ಎನ್ನುತ್ತಾರೆ. ಮನೋರೋಗ ವಿಭಾಗ ಎನ್ನುವವರು ಬೆರಳೆಣಿಕೆ. ಅಂಥವನೊಬ್ಬ ಬಾಯಿ ಬಿಟ್ಟನೋ, ಮನೆಯಲ್ಲಿ ಮಂಗಳಾರತಿ! ‘ಇಷ್ಟು ಓದಿ ಹುಚ್ಚರ ಡಾಕ್ಟ್ರು ಆಗ್ತೀಯೇನಪ್ಪಾ? ನಾಳೆ ನಿನಗೆ ಹೆಣ್ಣು ಕೊಡೋರು ಯಾರು?’ ಹುಡುಗಿಯಾದರೆ ಇನ್ನೂ ಕಷ್ಟ. ‘ಅಂಥೋರ ಮಧ್ಯೆ ನಿನ್ನ ಹ್ಯಾಗೆ ಬಿಡೋದವ್ವಾ’ ಎಂದು ತಾಯಿಯ ಕಣ್ಣೀರು.

ಬೇರೆ ಊರಿನಲ್ಲಿ ಈ ಮಾತು ನಡೆದರೆ ನಡೆಯಲಿ, ಬಳ್ಳಾರಿಯಲ್ಲಿ ನಡೆಯಬಾರದು. ಮನೋರೋಗಕ್ಕೆ ಹಳ್ಳಿಯಲ್ಲೇ ಮದ್ದು ಕೊಡಬಹುದೆಂದು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ಇದೇ ಜಿಲ್ಲೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತನ್ನ ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿಯನ್ನು. ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲವೂ ಆಗ ಬಳ್ಳಾರಿ ಜಿಲ್ಲೆಯೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟರು. ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ರೋಗದ ಗುರುತು ಹೇಳಿಕೊಟ್ಟರು. ಮನೋರೋಗಕ್ಕೂ ಮೂರ್ಛೆರೋಗಕ್ಕೂ ಬೇಕಾದ ನಾಲ್ಕಾರು ಬಗೆಯ ಔಷಧಿಗಳನ್ನು ಹಳ್ಳಿ ಆಸ್ಪತ್ರೆಯ ಕಪಾಟಿಗೆ ತಂದಿಟ್ಟರು. ಬೆಂಗಳೂರಿನ ಬಸ್ಸು ಹತ್ತಲಾರದ ರೋಗಿಗೆ ಊರ ಪಕ್ಕದಲ್ಲೇ ಮಾತ್ರೆ ಸಿಕ್ಕಿತು.

‘ಬಳ್ಳಾರಿ ಮಾದರಿ’ ಎಂಬ ಹೆಸರು ಬಂದದ್ದು ಹೀಗೆ. 1996ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಮೊದಲು ನಾಲ್ಕು ಜಿಲ್ಲೆ. ಈಗ 700ಕ್ಕೂ ಹೆಚ್ಚು. ಗಣಿ, ಜೀನ್ಸು, ಬಿಸಿಲು ಎಂದರೆ ಬಳ್ಳಾರಿ ನೆನಪಾಗುತ್ತದೆ. ಇದು ಮಾತ್ರ ಊರಿನವರಿಗೇ ಗೊತ್ತಿಲ್ಲ!

ಇರಲಿ. ಹಳ್ಳಿ ಡಾಕ್ಟರು ಮಾತ್ರೆ ಬರೆದುಕೊಡಬಲ್ಲರು, ನಿಜ. ಆದರೆ ಅವರಿಗೆ ಕಲಿಸುವವರು ಬೇಡವೇ? ರೋಗ ಕೈಮೀರಿದಾಗ ಕಳಿಸಿಕೊಡಲು ಒಬ್ಬ ತಜ್ಞ ಬೇಡವೇ? ತಂಡದ ತಲೆಯಲ್ಲಿ ಮನೋವೈದ್ಯನಿಲ್ಲದಿದ್ದರೆ ಬಳ್ಳಾರಿ ಮಾದರಿ ಬರೀ ಕಾಗದ. 2019ರಲ್ಲಿ ಪ್ರಕಟವಾದ ಲೆಕ್ಕದಂತೆ ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರು. ಒಬ್ಬರೂ ಪೂರ್ತಿ ಇಲ್ಲ! ಬೇಕಾದದ್ದು ಕನಿಷ್ಠ ಮೂರು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ ಹೇಳಿದ್ದು, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಇಲ್ಲ ಎಂದು.

ಡಾಕ್ಟರಿಲ್ಲದ ಕಡೆ ಏನಿರುತ್ತದೆ? ತಾಯತ, ಬೇವಿನ ಸೊಪ್ಪು, ಕೊನೆಗೆ ಸರಪಳಿ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು.

ಹುಡುಗರದ್ದೇ ತಪ್ಪು ಎನ್ನುವುದೂ ಸರಿಯಲ್ಲ. ಐದೂವರೆ ವರ್ಷದ ಎಂಬಿಬಿಎಸ್‌ನಲ್ಲಿ ಈ ವಿಭಾಗಕ್ಕೆ ಸಿಗುವುದು ಕೆಲವೇ ವಾರ. ಪ್ರತ್ಯೇಕ ಪರೀಕ್ಷೆ ಇಲ್ಲ, ಮೆಡಿಸಿನ್ ಪತ್ರಿಕೆಯ ಮೂಲೆಯಲ್ಲಿ ಒಂದೆರಡು ಪ್ರಶ್ನೆ. ಪರೀಕ್ಷೆಯಲ್ಲಿ ತೂಕವಿಲ್ಲದ್ದನ್ನು ಯಾವ ವಿದ್ಯಾರ್ಥಿ ಕಣ್ಣೆತ್ತಿ ನೋಡ್ತಾನೆ? 2021ರ ನಿಯಮದಂತೆ ಹೌಸ್‌ಸರ್ಜನ್ನರಿಗೆ ಎರಡು ವಾರ ಮನೋರೋಗ ವಿಭಾಗ ಕಡ್ಡಾಯ. ಒಳ್ಳೆಯದೇ. ಆ ಎರಡು ವಾರದಲ್ಲಿ ಏನು ತೋರಿಸುತ್ತಾರೆ ಎಂಬುದೇ ಪ್ರಶ್ನೆ. ವಾರ್ಡಿನಲ್ಲಿ ಕಿರುಚಾಡುವವರನ್ನಷ್ಟೇ ಕಂಡರೆ ಹುಡುಗರು ಹೆದರದೆ ಇನ್ನೇನು ಮಾಡಿಯಾರು?

ಈ ರೋಗಿಗಳು ವಾಸಿಯಾಗೋದಿಲ್ಲ ಎಂಬ ಮಾತು ಶುದ್ಧ ಸುಳ್ಳು. ಖಿನ್ನತೆ ಬಂದವರು ಚಿಕಿತ್ಸೆ ಪಡೆದು ಹೊಲಕ್ಕೆ, ಅಂಗಡಿಗೆ, ಶಾಲೆಗೆ ವಾಪಸಾಗುತ್ತಾರೆ. ಸ್ಕಿಜೋಫ್ರೇನಿಯಾ ಇರುವ ಎಷ್ಟೋ ಜನ ತಿಂಗಳಿಗೊಂದು ಇಂಜೆಕ್ಷನ್ ತಗೊಂಡು ಸಂಸಾರ ನಡೆಸುತ್ತಾರೆ. ಸಕ್ಕರೆ ಕಾಯಿಲೆಯ ಡಾಕ್ಟರೂ ರೋಗವನ್ನು ಬುಡಸಮೇತ ಕೀಳುವುದಿಲ್ಲ. ಅವರನ್ನು ಯಾರಾದರೂ ಆಡಿಕೊಳ್ಳುತ್ತಾರೆಯೇ? ಅಲ್ಲದೆ ಯಾವ ವಿಭಾಗ ಹಿಡಿದರೂ ಈ ರೋಗಿ ಎದುರು ಬಂದು ಕೂರುವುದು ತಪ್ಪದು. ಎದೆ ಡವಡವ, ಮೈಕೈ ಉರಿ, ತಲೆಭಾರ ಎಂದು ಬರುತ್ತಾರೆ. ಇಸಿಜಿ ಆಯಿತು, ಸ್ಕ್ಯಾನಿಂಗ್ ಆಯಿತು, ಎಲ್ಲ ಸರಿ. ‘ನಿನಗೇನೂ ಇಲ್ಲ ಹೋಗಮ್ಮಾ’ ಎಂದು ಕಳಿಸುತ್ತಾರೆ. ಆಕೆಗೆ ನಿದ್ದೆ ಹೋಗಿ ಎಷ್ಟು ತಿಂಗಳಾಯಿತೆಂದು ಕೇಳುವುದನ್ನು ಕಲಿತವನು ಮನೋವೈದ್ಯ.

ಕೇಳುವುದಷ್ಟೇ ಅಲ್ಲ, ಹೇಳುವುದಕ್ಕೂ ಕನ್ನಡದಲ್ಲಿ ದಾರಿಯಿದೆ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗದ ಬಗ್ಗೆ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. 2024ರಲ್ಲಿ ಪದ್ಮಶ್ರೀ ಬಂತು. ಶಿವಮೊಗ್ಗದಂಥ ಜಿಲ್ಲಾ ಊರಿನಲ್ಲೇ ನಿಂತ ಡಾ. ಅಶೋಕ್ ಪೈ, 2016ರಲ್ಲಿ ತೀರಿಕೊಳ್ಳುವವರೆಗೂ ರೋಗಿಗಳನ್ನೂ ನೋಡಿದರು, ‘ಕಾಡಿನ ಬೆಂಕಿ’ಯಂಥ ಸಿನಿಮಾಕ್ಕೂ ಕೈಹಾಕಿದರು. ಇವರನ್ನು ಹುಚ್ಚರ ಡಾಕ್ಟ್ರು ಎಂದು ಮೂಗು ಮುರಿದವರು ಯಾರು?

ಕಾಲೇಜಿನ ದೊಡ್ಡವರು ಇದಕ್ಕೆ ಭಾಷಣ ಏರ್ಪಡಿಸಬೇಕಿಲ್ಲ. ಹೌಸ್‌ಸರ್ಜನ್ನರನ್ನು ಆ ಎರಡು ವಾರದಲ್ಲಿ ಒಂದು ದಿನವಾದರೂ ಸಂಡೂರಿಗೋ ಸಿರುಗುಪ್ಪಕ್ಕೋ ಮನೋವೈದ್ಯರು ಬರುವ ದಿನ ಕಳಿಸಲಿ. ಮೊದಲು ಕೈಕಾಲು ಕಟ್ಟಿಸಿಕೊಂಡು ಬಂದಿದ್ದವರು ಈಗ ಚೀಟಿ ಹಿಡಿದು ತಾವೇ ಸಾಲಿನಲ್ಲಿ ನಿಂತಿರುವುದನ್ನು ನೋಡಲಿ. ರೋಗಿಗಳು ಬರೋದು ಬೆಳಗಿನ ಬಸ್ಸಿಗೆ. ಹುಡುಗರೂ ಅದನ್ನೇ ಹಿಡಿದರೆ ದಾರಿಯಲ್ಲೇ ಮಾತಿಗೆ ಸಿಗುತ್ತಾರೆ.