ಮನೆಯ ಮೆಟ್ಟಿಲಿನ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾವು ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಮನೆ ಅಂದವಾಗಿತ್ತು, ಮಹಡಿಯ ಮೆಟ್ಟಿಲುಗಳಿಗೆ ಒಳ್ಳೆಯ ಕಲ್ಲನ್ನು ಹಾಸಿದ್ದರು. ಆದರೆ ಊಟಕ್ಕೆಂದು ಮಹಡಿಗೆ ಹತ್ತಿದವರು ಒಬ್ಬರಾದ ಮೇಲೊಬ್ಬರು ಒಂದೇ ಎಡೆಯಲ್ಲಿ, ಕಟ್ಟಕಡೆಯ ಮೆಟ್ಟಿಲಿನಲ್ಲಿ, ಎಡವುತ್ತಿದ್ದರು. ಕೊನೆಗೆ ಆ ಮನೆಯ ಅಜ್ಜಿಯವರು ಅಲ್ಲಿಯೇ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ದೃಷ್ಟಿ ತಾಗಿತೆಂದು ಕೆಲವರೆಂದರು. ವಯಸ್ಸಿನ ದೋಷವೆಂದು ಕೆಲವರೆಂದರು. ನಾವು ಅಳತೆಪಟ್ಟಿಯನ್ನು ತರಿಸಿ ಅಳೆದುನೋಡಿದೆವು. ಮೊದಲ ಮೆಟ್ಟಿಲಿನ ಎತ್ತರ 13 ಸೆಂ.ಮೀ.; ನಡುವಣ ಹದಿನೆಂಟೂ 16 ಸೆಂ.ಮೀ.; ಕಡೆಯದು 19 ಸೆಂ.ಮೀ.! ದೋಷ ಅಜ್ಜಿಯವರದಲ್ಲ, ಲೆಕ್ಕದ್ದು.

ಮೆಟ್ಟಿಲಿಗೆ ಎರಡು ಅಳತೆಗಳುಂಟು. ಒಂದರಿಂದ ಇನ್ನೊಂದಕ್ಕೆ ಏರುವ ಎತ್ತರವನ್ನು ‘ಏರು’ ಎಂದೂ, ಕಾಲಿಡುವ ಜಾಗದ ಅಗಲವನ್ನು ‘ತುಳಿ’ ಎಂದೂ ಕರೆಯೋಣ. 60 ಕಿಲೋಗ್ರಾಂ ತೂಕದ ವ್ಯಕ್ತಿಯೊಬ್ಬನು 3.2 ಮೀಟರ್ ಎತ್ತರದ ಮಹಡಿಯನ್ನು ಹತ್ತಿದರೆ ಗುರುತ್ವಕ್ಕೆ ವಿರುದ್ಧವಾಗಿ ಮಾಡುವ ಕೆಲಸ ಸುಮಾರು 1,880 ಜೂಲ್. ಮೆಟ್ಟಿಲುಗಳು ಹತ್ತಿರಲಿ, ಇಪ್ಪತ್ತಿರಲಿ, ಈ ಮೊತ್ತ ಬದಲಾಗದು. ಹಾಗಾದರೆ ಒಂದು ಮೆಟ್ಟಿಲಸಾಲು ಸುಖಕರವಾಗಿಯೂ ಇನ್ನೊಂದು ತ್ರಾಸದಾಯಕವಾಗಿಯೂ ತೋರುವುದೇಕೆ? ಆ ಕೆಲಸವನ್ನು ಹೆಜ್ಜೆಹೆಜ್ಜೆಗೂ ಹಂಚುವ ರೀತಿಯೇ ಅದಕ್ಕೆ ಕಾರಣ.

ಈ ಹಂಚಿಕೆಗೆ ಸೂತ್ರವೊಂದನ್ನು ಕೊಟ್ಟವನು ಪ್ಯಾರಿಸಿನ ವಾಸ್ತುಶಿಲ್ಪ ಅಕಾಡೆಮಿಯ ಮೊದಲ ನಿರ್ದೇಶಕನಾದ ಫ್ರಾನ್ಸ್ವಾ ಬ್ಲಾಂಡೆಲ್. ಅವನ ಪಾಠಗಳು 1675ರಿಂದ 1683ರವರೆಗೆ ಗ್ರಂಥರೂಪದಲ್ಲಿ ಪ್ರಕಟವಾದುವು. ಸಮನೆಲದಲ್ಲಿ ನಡೆವವನ ಹೆಜ್ಜೆ 24 ಅಂಗುಲ. ನೆಟ್ಟಗೆ ನಿಂತ ಏಣಿಯನ್ನು ಹತ್ತುವವನ ಹೆಜ್ಜೆ 12 ಅಂಗುಲ. ಆದ್ದರಿಂದ ಒಂದು ಅಂಗುಲದ ಏರು ಎರಡು ಅಂಗುಲದ ನಡಿಗೆಗೆ ಸಮವೆಂದು ಅವನು ತರ್ಕಿಸಿದನು. ಅಂದರೆ, ಏರಿನ ಎರಡರಷ್ಟಕ್ಕೆ ತುಳಿಯನ್ನು ಕೂಡಿಸಿದರೆ ಒಂದು ಹೆಜ್ಜೆಯ ಉದ್ದ ಬರಬೇಕು. ಅವನ ಕಾಲದ ಫ್ರೆಂಚ್ ಅಂಗುಲ ನಮ್ಮದಕ್ಕಿಂತ ತುಸು ದೊಡ್ಡದು. 24 ಅಂಗುಲಗಳೆಂದರೆ ಸುಮಾರು 65 ಸೆಂ.ಮೀ. ಇಂದು ಸಾಮಾನ್ಯವಾಗಿ 60ರಿಂದ 65 ಸೆಂ.ಮೀ.ವರೆಗಿನ ಮೊತ್ತವನ್ನು ಒಪ್ಪುತ್ತಾರೆ. ವಾಸದ ಮನೆಗಳಲ್ಲಿ ಏರು 19 ಸೆಂ.ಮೀ.ಅನ್ನು ಮೀರಬಾರದೆಂದೂ ತುಳಿ 25 ಸೆಂ.ಮೀ.ಗಿಂತ ಕಡಿಮೆಯಾಗಬಾರದೆಂದೂ 2016ರ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ.

ಮಹಡಿಯ ಎತ್ತರ 320 ಸೆಂ.ಮೀ. ಎಂದಿಟ್ಟುಕೊಳ್ಳೋಣ. 20 ಏರುಗಳಾದರೆ ಒಂದೊಂದೂ 16 ಸೆಂ.ಮೀ.; ತುಳಿ 30 ಸೆಂ.ಮೀ. ಇಟ್ಟರೆ ಸೂತ್ರದ ಮೊತ್ತ 62. ನಡುವೆ ಸಮತಟ್ಟಾದ ಜಾಗವೊಂದನ್ನು ಬಿಟ್ಟು, ಅಲ್ಲಿ ತಿರುಗಿ ಹತ್ತುವಂತೆ ಹತ್ತು ಹತ್ತು ಏರುಗಳ ಎರಡು ಸಾಲುಗಳನ್ನು ಮಾಡಬಹುದು. ಪ್ರತಿ ಸಾಲಿನಲ್ಲಿ ತುಳಿಗಳು ಒಂಬತ್ತೇ. ಹತ್ತನೆಯ ಹೆಜ್ಜೆ ಬೀಳುವುದು ಆ ತಟ್ಟಿನ ಮೇಲೆ ಅಥವಾ ಮಹಡಿಯ ನೆಲದ ಮೇಲೆ. ಆದ್ದರಿಂದ ಒಂದು ಸಾಲಿಗೆ ಬೇಕಾದ ಉದ್ದ 270 ಸೆಂ.ಮೀ.

ನಮ್ಮ ಬಂಧುಗಳ ಮನೆಯ ಕಡೆಯ ಏರು 19 ಸೆಂ.ಮೀ. ತಾನೆ? ಅದು ಸಂಹಿತೆಯ ಮಿತಿಯೊಳಗೇ ಇದೆ. ಆದರೂ ಜನ ಎಡವಿದರು. ಏಕೆಂದರೆ ಎರಡು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಏರಿನ ಅಳತೆಯನ್ನು ಕಲಿತುಬಿಡುತ್ತದೆ. ಮುಂದೆ ಕಣ್ಣಿನ ಸಹಾಯವನ್ನು ಹೆಚ್ಚು ಬಯಸದೆ, ಅಂಚಿಗಿಂತ ಕೆಲವೇ ಸೆಂಟಿಮೀಟರ್ ಮೇಲಕ್ಕೆ ಪಾದವನ್ನೆತ್ತುತ್ತದೆ. ಅಂಚು ಅನಿರೀಕ್ಷಿತವಾಗಿ 3 ಸೆಂ.ಮೀ. ಮೇಲಿದ್ದರೆ ಬೆರಳು ತಾಗಿ ಪಾದ ನಿಲ್ಲುತ್ತದೆ. ದೇಹ ಮಾತ್ರ ಜಡತ್ವದಿಂದ ಮುಂದುವರಿಯುತ್ತದೆ. ಗುರುತ್ವಕೇಂದ್ರ ಪಾದದ ಆಧಾರವನ್ನು ದಾಟಿದೊಡನೆ ಪತನ! ಇಳಿಯುವಾಗ ಅಪಾಯ ಇನ್ನೂ ಹೆಚ್ಚು. ಆಗ ಬೀಳುವವನ ಮುಂದೆ ಇಡಿಯ ಇಳಿಜಾರೇ ಇರುತ್ತದೆ.

ಈ ತಪ್ಪು ನುಸುಳಿದ್ದು ಹೇಗೆ? ಮೇಸ್ತ್ರಿ ಕಾಂಕ್ರೀಟಿನಿಂದ ಕಾಂಕ್ರೀಟಿಗೆ ಅಳೆದು, 320ನ್ನು 20ರಿಂದ ಭಾಗಿಸಿ, ಸರಿಯಾಗಿ 16 ಸೆಂ.ಮೀ.ಗಳ ಏರುಗಳನ್ನೇ ಕಟ್ಟಿದ್ದನು. ಅನಂತರ ಕೆಳಗಿನ ಹಜಾರಕ್ಕೂ ಮಹಡಿಗೂ ಗಾರೆ ಸೇರಿ 5 ಸೆಂ.ಮೀ. ದಪ್ಪದ ನೆಲಹಾಸು ಬಂದಿತು. ಮೆಟ್ಟಿಲುಗಳಿಗೆ ಬಂದದ್ದು 2 ಸೆಂ.ಮೀ. ಮಾತ್ರ. ಮೊದಲ ಏರಿನಲ್ಲಿ 3 ಸೆಂ.ಮೀ. ಕಳೆಯಿತು, ಕಡೆಯದರಲ್ಲಿ ಅಷ್ಟೇ ಕೂಡಿತು. ಮೊತ್ತ ಈಗಲೂ 320! ಕಾಂಕ್ರೀಟಿನಲ್ಲಿ ಮೊದಲ ಏರನ್ನು 19, ಕಡೆಯದನ್ನು 13 ಸೆಂ.ಮೀ. ಇಟ್ಟಿದ್ದರೆ ನೆಲಹಾಸಿನ ಬಳಿಕ ಎಲ್ಲವೂ ಸಮವಾಗುತ್ತಿದ್ದುವು. ಆದ್ದರಿಂದ ಮನೆ ಕಟ್ಟಿಸುವವರು ನೆಲಹಾಸಿನ ದಪ್ಪವನ್ನು ಮೊದಲೇ ನಿಶ್ಚಯಿಸಿ ಮೇಸ್ತ್ರಿಗೆ ತಿಳಿಸತಕ್ಕದ್ದು. ತುಳಿಗೆ ಒದ್ದೆಯಾದರೂ ಜಾರದ ಕಲ್ಲು, ಕೆಳಗೂ ಮೇಲೂ ದೀಪದ ಗುಂಡಿ, ಮುಷ್ಟಿಗೆ ನಿಲುಕುವ ಕಂಬಿ, ಇವೂ ಅವಶ್ಯಕ. ಆದರೆ ಏರುಗಳ ಸಮತೆಯೇ ಮೊದಲನೆಯದು.

ಆ ಮನೆಯ ಮೆಟ್ಟಿಲನ್ನು ಕೆಡವಬೇಕಾಗಲಿಲ್ಲ. ನಡುವಣ ತಟ್ಟೂ ಸೇರಿದಂತೆ ಎಲ್ಲ ತುಳಿಗಳ ಮೇಲೂ 3 ಸೆಂ.ಮೀ. ದಪ್ಪದ ಇನ್ನೊಂದು ಹಾಸನ್ನು ಹಾಕಿಸಿದರು. ಇಪ್ಪತ್ತು ಏರುಗಳೂ 16 ಸೆಂ.ಮೀ. ಆದುವು. ಇದು ಹೇಗಾಯಿತೆಂಬುದನ್ನು ವಾಚಕರು ಕಾಗದದ ಮೇಲೆ ಚಿತ್ರ ಬರೆದು ತಿಳಿಯಲಿ. ಬಳಿಕ ಅಳತೆಪಟ್ಟಿಯೊಂದನ್ನು ಹಿಡಿದು ತಮ್ಮ ಮನೆಯ ಮೆಟ್ಟಿಲುಗಳನ್ನೂ ಅಳೆಯಲಿ. ಮೊದಲನೆಯದನ್ನೂ ಕಡೆಯದನ್ನೂ ಮರೆಯದಿರಲಿ.